ನಿಯಮ ಏಳರ 'ಬಿ' ಮತ್ತು ನನ್ನ ಗಂಡನ ಅಕ್ಕ

ವಿದೇಶಿ ಫೋನುಗಳ ನೋಂದಣಿ ಅಧಿಕಾರಿಗಳಿಗೆ, ನುಕುಅಲೋಫಾ

ಮಾನ್ಯರೇ,

ನಿಮ್ಮ ಕಚೇರಿಯ ಒಂದು ನಿಯಮವನ್ನು ಅಕ್ಷರ ಬಿಡದೆ ಪಾಲಿಸಿದ್ದರಿಂದ ನನ್ನ ಗಂಡ ತನ್ನ ಒಬ್ಬಳೇ ಅಕ್ಕನನ್ನು ಕಳೆದುಕೊಂಡಿದ್ದಾನೆ. ಅಕ್ಕ ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ, ಆಕ್ಲಂಡಿನ ಒಂದು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿಯಾಗಿದ್ದಾರೆ. ಆದರೆ ಜೂನ್ ತಿಂಗಳ ಕೊನೆಯ ಬುಧವಾರದಿಂದ ಅವರು ತಮ್ಮನ ಹೆಸರನ್ನು ಬಾಯಲ್ಲಿ ಎತ್ತಿಲ್ಲ. ಅದನ್ನು ಸರಿಮಾಡಲು ನಿಮ್ಮಿಂದ ನನಗೆ ಬೇಕಿರುವುದು ಒಂದೇ ಒಂದು ವಾಕ್ಯ. ಆ ಒಂದು ವಾಕ್ಯಕ್ಕಾಗಿ ನಾಲ್ಕು ಸಲ ನಮ್ಮೂರು ನೇಯಾಫುವಿನ ನಿಮ್ಮ ಕೌಂಟರಿಗೆ ಬಂದೆ, ಮೂರು ಸಲ ಇಮೇಲ್ ಕಳಿಸಿದೆ. ಸಿಗಲಿಲ್ಲ. ಆದ್ದರಿಂದ ಇಡೀ ವಾವಾಊ ದ್ವೀಪ ಓದುವ ಈ ಪತ್ರಿಕೆಯಲ್ಲಿ ನನ್ನ ಮಾನವನ್ನು ನಾನೇ ಹರಾಜಿಗಿಟ್ಟು ಬರೆಯುತ್ತಿದ್ದೇನೆ. ಹೆಸರುಗಳನ್ನು ಮುಚ್ಚಿಟ್ಟು ಉಪಯೋಗವಿಲ್ಲ. ತಿಮಿಂಗಿಲ ತೋರಿಸುವ ದೋಣಿ ನಡೆಸುವ ನನ್ನ ಗಂಡ ಲಿಸಿಯಾತೆ ಯಾರೆಂದು, ಅವನ ಮನೆಯಲ್ಲಿ ಏನಾಯಿತೆಂದು ಇಲ್ಲಿ ಗೊತ್ತಿಲ್ಲದವರು ಹಾಲು ಕುಡಿಯುವ ಕೂಸುಗಳು ಮಾತ್ರ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನದೇ. ಉಳಿದದ್ದು ನಿಮ್ಮದು. ಲಿಸಿಯಾತೆಯದು ಎಳ್ಳಷ್ಟೂ ಇಲ್ಲ. ಈ ಪತ್ರದಲ್ಲಿ ನಾನು ರುಜುವಾತು ಮಾಡಬೇಕಾದದ್ದು ಈ ಕೊನೆಯ ಮಾತನ್ನು.

ನಮ್ಮ ಮದುವೆ ಮೇ ತಿಂಗಳ ಮೊದಲ ಶನಿವಾರ ಆಯಿತು. (ಎಷ್ಟು ಚೆನ್ನಾಗಿ ಆಯಿತು ಎಂದು ಬರೆಯಲು ಕೈ ತುರಿಸುತ್ತಿದೆ, ಮಾನ್ಯರೇ! ತಡೆದುಕೊಳ್ಳುತ್ತೇನೆ.) ಲಿಸಿಯಾತೆಯ ಅಕ್ಕ ಮೆಲೆನೈತೆ ಆಕ್ಲಂಡಿನಿಂದ ಬಂದಿದ್ದರು. ಎಲ್ಲರಿಗಿಂತ ಮೇಲಿನ ಜಾಗದಲ್ಲಿ ಕೂತರು, ಎಲ್ಲಕ್ಕಿಂತ ಒಳ್ಳೆಯ ಚಾಪೆಗಳನ್ನು ಅವರ ಮುಂದೆ ಹಾಸಲಾಯಿತು, ಹುರಿದ ಹಂದಿಯ ಮೊದಲ ಪಾಲು ಅವರಿಗೆ ಹೋಯಿತು. ಗಂಡಿನ ಅಕ್ಕ ಎಂದರೆ ನಮ್ಮಲ್ಲಿ ಅಷ್ಟು. ಆಕ್ಲಂಡಿಗೆ ಮರಳಿದ ಮೇಲೆ ಅವರು ಹಡಗಿನಲ್ಲಿ ಒಂದು ಪೀಪಾಯಿ ಕಳಿಸಿದರು. ಕಂಬಳಿ, ಡಬ್ಬಿ ಮಾಂಸ, ಸೋಪು, ನನಗೊಂದು ನೀಲಿ ಫ್ರಾಕು. ಎಲ್ಲದರ ನಡುವೆ ಮೂರು ಟವೆಲುಗಳಲ್ಲಿ ಸುತ್ತಿದ ಒಂದು ಹೊಸ ಫೋನು, ತಮ್ಮನಿಗೆ ಮದುವೆಯ ಉಡುಗೊರೆ. ಅಂಗಡಿಯಲ್ಲಿ ಪರೀಕ್ಷಿಸಿ ನೋಡಲು ತಮ್ಮದೇ ಖಾತೆಯನ್ನು ಅದರಲ್ಲಿ ತೆರೆದಿದ್ದರು. ತೆಗೆದುಹಾಕಿ ನಿಮ್ಮದು ಹಾಕಿಕೊಳ್ಳಿ ಎಂದು ಚೀಟಿಯಲ್ಲಿ ಬರೆದೂ ಇದ್ದರು.

ಫೋನು ನನ್ನ ಕೈಗೆ ಬಂತು. ಏಕೆಂದರೆ ನಾನು ರಾಜಧಾನಿಯಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ಅತ್ತೆ ವಾಸಿತಿಯವರು ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿಕೊಂಡು, "ನೋಡ್ತಾ ಇರಿ, ನಮ್ಮ ಸೊಸೆ ಮಾತು ಹ್ಯಾಗೆ ಕೇಳುತ್ತೆ ಅದು. ನಾವು ಮುಟ್ಟಿದ್ರೆ ಇಂಗ್ಲಿಷಲ್ಲಿ ಬೈಯುತ್ತೆ" ಎಂದರು. ನನಗೆ ಎಷ್ಟು ಹೆಮ್ಮೆ! ಫೋನು ಕೇಳಿದ ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿದೆ, ಅನುವಾದಿಸಿದೆ, ಪ್ರತಿಯೊಂದಕ್ಕೂ "ಹೌದು" ಒತ್ತಿದೆ. ಚಿತ್ರಗಳ ಪ್ರತಿಯನ್ನು ಭದ್ರವಾಗಿ ಕಾಯ್ದಿಡಲೇ ಎಂದಿತು. ಭದ್ರವಾಗಿ ಎಂದರೆ ಯಾರಾದರೂ ಬೇಡ ಎನ್ನುತ್ತಾರೆಯೇ? ಕೊನೆಯಲ್ಲಿ, ಈ ಫೋನಿಗೆ ಏನು ಹೆಸರಿಡುತ್ತೀರಿ ಎಂದು ಕೇಳಿತು. ನಾನು "ಲಿಸಿಯಾತೆ" ಎಂದು ಬರೆದೆ. ಅದರ ಮುಂದೆ ಎರಡು ಕೆಂಪು ಹೃದಯಗಳನ್ನೂ ಇಟ್ಟೆ. ಮದುವೆಯಾಗಿ ಐದು ವಾರ ಆಗಿತ್ತಷ್ಟೇ, ಮಾನ್ಯರೇ. ಆಗ ನಾನು ಗೋಡೆ ಗಡಿಯಾರಕ್ಕೂ ಅವನ ಹೆಸರಿಡುತ್ತಿದ್ದೆ.

ಇನ್ನು ಅಕ್ಕನ ಖಾತೆಯನ್ನು ತೆಗೆಯುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ನಿಮ್ಮ ಪ್ರಕಟಣೆ ನೆನಪಾಯಿತು. ಹೊರದೇಶದಿಂದ ಬಂದ ಪ್ರತಿ ಫೋನನ್ನೂ ಬಳಸುವ ಮೊದಲು ನಿಮ್ಮ ಕೌಂಟರಿನಲ್ಲಿ ದಾಖಲಿಸಬೇಕು. ಓಡಿಕೊಂಡು ಹೋದೆ. ಕೌಂಟರಿನಲ್ಲಿರುವ ಪಸೆಪಾ ನನ್ನ ಗಂಡನ ದೊಡ್ಡಪ್ಪನ ಮಗಳು.

"ಅತ್ತಿಗೆ, ಸೊಂಟಕ್ಕೆ ಕಿಯೆಕಿಯೆ ಎಲ್ಲಿ? ಸರ್ಕಾರಿ ಕೌಂಟರಿಗೆ ಹೀಗೇ ಬಂದುಬಿಡೋದಾ?"

"ಅಯ್ಯೋ, ಕಟ್ಟೋದು ಮರೆತೇ ಹೋಯ್ತು ಕಣೇ."

"ಗಂಡ ಇದ್ದಾನೆ ಅನ್ನೋದು ನೆನಪಿದೆ ತಾನೆ? ಹೋಗಿ ಕಟ್ಕೊಂಡು ಬನ್ನಿ. ಹನ್ನೆರಡಕ್ಕೆ ಬಾಗಿಲು ಹಾಕ್ತೀನಿ."

ಮನೆಗೆ ಹೋಗಿ ಆ ಹೆಣೆದ ಸೊಂಟಪಟ್ಟಿಯನ್ನು ಕಟ್ಟಿಕೊಂಡು ಬಂದೆ. ಅವಳು ಫೋನನ್ನು ತಿರುವಿ ಮುರುವಿ ನೋಡಿ, ಒಳಗಿದ್ದ ಹೆಸರನ್ನು ಫಾರಂನಲ್ಲಿ ಬರೆದುಕೊಂಡಳು. ಕಳುಹಿಸಿದವರು ಮೆಲೆನೈತೆ. ಪಡೆದವರು ಲಿಸಿಯಾತೆ. ಸಂಬಂಧ ಅಕ್ಕ-ತಮ್ಮ.

"ಇನ್ನು ಅಕ್ಕನ ಖಾತೆ ತೆಗೀಲಾ?" ಎಂದು ಕೇಳಿದೆ.

"ಅಯ್ಯಯ್ಯೋ, ಮುಟ್ಟಬೇಡಿ! ತೆಗೆದ್ರೆ ಕದ್ದ ಫೋನು ಅಂತ ಲೆಕ್ಕ. ಏಳರ 'ಬಿ' ಓದಿ. ಪ್ರಮಾಣಪತ್ರ ಬರೋವರೆಗೂ ಕಳಿಸಿದವರ ಖಾತೆ ಒಳಗೇ ಇರಬೇಕು."

"ಎಷ್ಟು ದಿನ ಆಗುತ್ತೆ?"

"ಮೂವತ್ತು ದಿನ ಅಂತ ಬರೆದಿದೆ."

"ನೀನೇನಂತೀಯ?"

"ನಾನೇನೂ ಅನ್ನಲ್ಲ ಅತ್ತಿಗೆ. ನನಗೆ ಈ ಕೆಲಸ ಬೇಕು."

ಪ್ರಮಾಣಪತ್ರ ಬಂದದ್ದು ನೂರಾ ಹದಿನಾಲ್ಕನೆಯ ದಿನ. ಅದಿರಲಿ. ಅವತ್ತು ಪಸೆಪಾ ನನ್ನ ಕೈಗೆ ನಿಮ್ಮ ಕಚೇರಿಯ ಬಣ್ಣದ ಕರಪತ್ರವನ್ನೂ ಕೊಟ್ಟಳು. 'ನಿಮ್ಮ ಫೋನನ್ನು ಅಪರಿಚಿತರಿಂದ ಕಾಪಾಡಿಕೊಳ್ಳಿ.' ನಾನು ಪಾಠ ಓದಿದ ಹಾಗೆ ಓದಿದೆ, ಹೇಳಿದ್ದನ್ನೆಲ್ಲ ಮಾಡಿದೆ. ಆರಂಕಿಯ ಗುಟ್ಟಿನ ಸಂಖ್ಯೆ ಇಟ್ಟೆ. ಲಿಸಿಯಾತೆಯ ಹೆಬ್ಬೆರಳನ್ನು ಹಗ್ಗದ ಒರಟು ಹೋಗುವವರೆಗೆ ಉಜ್ಜಿ ಉಜ್ಜಿ ತೊಳೆದು ಅದರ ಗುರುತು ಕೊಡಿಸಿದೆ. ಕಳೆದುಹೋದರೆ ಹುಡುಕುವ ವ್ಯವಸ್ಥೆಯನ್ನು ಚಾಲೂ ಮಾಡಿದೆ. ನಿಮ್ಮ ಕರಪತ್ರಕ್ಕೆ ಧನ್ಯವಾದ, ಮಾನ್ಯರೇ. ಅಪರಿಚಿತರಿಂದ ನಮಗೆ ಇವತ್ತಿನವರೆಗೆ ಯಾವ ತೊಂದರೆಯೂ ಆಗಿಲ್ಲ. ನಮ್ಮ ಮಾನ ಹೋದದ್ದು ಮನೆಯವರ ಮುಂದೆ. ಅದರಿಂದ ಕಾಪಾಡುವ ಸಾಲು ನಿಮ್ಮ ಕರಪತ್ರದಲ್ಲಿ ಇರಲಿಲ್ಲ.

ಜೂನ್ ಕೊನೆಯಲ್ಲಿ, ತಿಮಿಂಗಿಲಗಳು ಬರುವ ಮೊದಲು, ದೋಣಿಯ ಯಜಮಾನರು ನಮಗೆ ಎರಡು ದಿನ ರಜೆ ಕೊಟ್ಟು ಒಂದು ಪುಟ್ಟ ದ್ವೀಪಕ್ಕೆ ಕಳಿಸಿದರು. ಅಲ್ಲಿ ನಾವಿಬ್ಬರೇ. ನಾನು ಮೂವತ್ತೊಂದು ಚಿತ್ರ ತೆಗೆದೆ. ಅವುಗಳಲ್ಲಿ ಏನಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಬೇರೆ ದೇಶದವರು ನೋಡಿದರೆ "ಇಷ್ಟೇನಾ?" ಎಂದು ನಗುತ್ತಾರೆ ಎಂಬುದಷ್ಟು ಹೇಳಬಲ್ಲೆ. ಹೊಸದಾಗಿ ಮದುವೆಯಾದ ಇಬ್ಬರು ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ಹೇಗಿರುತ್ತಾರೋ ಹಾಗಿದ್ದೆವು.

ಬುಧವಾರ ಊರಿಗೆ ಮರಳಿದೆವು. ಫೋನಿಗೆ ಇಂಟರ್‌ನೆಟ್ ಸಿಕ್ಕಿತು. ಅದು ತನ್ನ ಪಾಡಿಗೆ ತಾನು, ನಾನು ಅಪ್ಪಣೆ ಕೊಟ್ಟಿದ್ದ ಹಾಗೆ, ಮೂವತ್ತೊಂದು ಚಿತ್ರಗಳನ್ನೂ ಭದ್ರವಾಗಿ ಕಾಯ್ದಿಟ್ಟಿತು. ಎಲ್ಲಿ? ಒಳಗೆ ಯಾರ ಖಾತೆ ಇತ್ತೋ ಅಲ್ಲಿ. ಆ ಹೊತ್ತಿಗೆ ಆಕ್ಲಂಡಿನಲ್ಲಿ ಮೆಲೆನೈತೆಯವರ ಮನೆಯಲ್ಲಿ ಚರ್ಚಿನ ಗಾಯನ ತಂಡದ ಅಭ್ಯಾಸ ನಡೆಯುತ್ತಿತ್ತು. ಕೀರ್ತನೆಯ ಸಾಲುಗಳನ್ನು ಎಲ್ಲರಿಗೂ ಕಾಣುವಂತೆ ದೊಡ್ಡ ಟ್ಯಾಬ್ಲೆಟ್ಟಿನಲ್ಲಿ ಹಾಕಿ ಕಪಾಟಿನ ಮೇಲೆ ನಿಲ್ಲಿಸಿದ್ದರಂತೆ. ಅದರ ಮೇಲೆ ಒಂದು ಪಟ್ಟಿ ಮೂಡಿತು: ಲಿಸಿಯಾತೆ, ಎರಡು ಕೆಂಪು ಹೃದಯ, ಮೂವತ್ತೊಂದು ಹೊಸ ಚಿತ್ರಗಳು. ಮದುವೆಯ ಚಿತ್ರಗಳಿರಬೇಕು ಎಂದು ಯಾರೋ ಸಂತೋಷದಿಂದ ಅದನ್ನು ಮುಟ್ಟಿದರು. ಚಿತ್ರಗಳು ಒಂದಾದ ಮೇಲೊಂದು ತಾವಾಗಿಯೇ ಓಡತೊಡಗಿದವು. ನಾಲ್ಕನೆಯದಕ್ಕೆ ಹಾಡು ನಿಂತಿತು. ಏಳನೆಯದಕ್ಕೆ ಮೆಲೆನೈತೆ ಎದ್ದು ಬಂದು ಟ್ಯಾಬ್ಲೆಟ್ಟನ್ನು ಬೋರಲು ಹಾಕಿದರು. ಯಾರ ಮುಖವನ್ನೂ ನೋಡದೆ ಅಡುಗೆಮನೆಯ ಬಾಗಿಲಿನಿಂದ ಹೊರಗೆ ಹೋಗಿ, ಕೀರ್ತನೆ ಪುಸ್ತಕವನ್ನು ಎದೆಗೆ ಒತ್ತಿಕೊಂಡು, ನಿಂತ ಕಾರಿನಲ್ಲಿ ಕೂತರು. ಅತಿಥಿಗಳೆಲ್ಲ ಹೋಗುವವರೆಗೆ ಒಳಗೆ ಬರಲಿಲ್ಲ. ಗಾಯನ ತಂಡದಲ್ಲಿದ್ದ ನೆಂಟರೊಬ್ಬರು ನನ್ನ ಅತ್ತೆಗೆ ಫೋನು ಮಾಡಿ ಹೇಳಿದ್ದು ಇಷ್ಟು.

ಇದರಲ್ಲಿ ಅಂಥದ್ದೇನಿದೆ ಎಂದು ನಿಮ್ಮ ನಿಯಮ ಕೇಳಬಹುದು. ನಿಯಮಕ್ಕೆ ಅಕ್ಕ-ತಂಗಿಯರಿಲ್ಲ. ಆದರೆ ನಿಮಗೆ ಇರಬೇಕಲ್ಲವೇ, ಮಾನ್ಯರೇ? ಮರೆತಿದ್ದರೆ ನೆನಪಿಸುತ್ತೇನೆ. ಹನ್ನೆರಡು ವರ್ಷ ತುಂಬಿದಾಗ ನಿಮ್ಮನ್ನೂ ಮನೆಯಿಂದ ಹೊರಗೆ ಕಳಿಸಿ, ಅಂಗಳದ ಮೂಲೆಯಲ್ಲಿ ಗಂಡುಹುಡುಗರಿಗೆಂದು ಕಟ್ಟಿದ ಗುಡಿಸಲಿನಲ್ಲಿ ಮಲಗಿಸಿರಲಿಲ್ಲವೇ? ಮನೆ ಅಕ್ಕನದು ಎಂದು ಹೇಳಿರಲಿಲ್ಲವೇ? ಅಕ್ಕ ಕೂತ ಕೋಣೆಯಲ್ಲಿ ಸಿನಿಮಾ ಹಾಕಿದರೆ ನೀವು ಎದ್ದು ಹೋಗುತ್ತಿರಲಿಲ್ಲವೇ? ಅವಳ ಎದುರು ಯಾರಾದರೂ ಪೋಲಿ ನಗೆಚಾಟಿಕೆ ಮಾಡಿದರೆ ನಿಮ್ಮ ಕಿವಿ ಸುಟ್ಟಂತೆ ಆಗುತ್ತಿರಲಿಲ್ಲವೇ? ಅಂಥ ಊರಿನಲ್ಲಿ ಕೂತು, 'ಸಂಬಂಧ: ಅಕ್ಕ-ತಮ್ಮ' ಎಂದು ಬರೆದಿರುವ ಫಾರಂ ಮೇಲೆ, ಇವರಿಬ್ಬರ ಚಿತ್ರಪೆಟ್ಟಿಗೆ ಒಂದೇ ಇರಲಿ ಎಂದು ಮುದ್ರೆ ಒತ್ತಿದಿರಲ್ಲ! ಈ ನಿಯಮವನ್ನು ಅಕ್ಕ-ತಮ್ಮ ಒಟ್ಟಿಗೆ ಸೋಫಾದ ಮೇಲೆ ಕಾಲು ಚಾಚಿ ಸಿನಿಮಾ ನೋಡುವ ಯಾವುದೋ ದೇಶದಿಂದ ನಕಲು ಮಾಡಿದ್ದೀರಿ ಎಂದು ನನಗೆ ಅನುಮಾನ. ಅನುಮಾನಕ್ಕೆ ಕಾರಣವಿದೆ. ಅದೇ ಪ್ರಕಟಣೆಯ ಹದಿನಾಲ್ಕನೆಯ ಸಾಲಿನಲ್ಲಿ, ಸಂದೇಹವಿದ್ದರೆ ಹತ್ತಿರದ ರೈಲು ನಿಲ್ದಾಣದ ಸಹಾಯಕೇಂದ್ರಕ್ಕೆ ಹೋಗಿ ಎಂದಿದೆ. ನಮ್ಮ ನೂರೆಪ್ಪತ್ತು ದ್ವೀಪಗಳಲ್ಲಿ ಯಾವುದರಲ್ಲಿ ರೈಲು ಓಡುತ್ತದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ನನ್ನ ಅತ್ತೆ ಮಗನಿಗೆ ಇದನ್ನು ಬಿಡಿಸಿ ಹೇಳಲಿಲ್ಲ. ಹೇಳಲಾಗುವುದಿಲ್ಲ. ಊಟಕ್ಕೆ ಕೂತಾಗ ತಟ್ಟೆಯನ್ನು ನೋಡುತ್ತ, "ನಿನ್ನ ಫೋನು ಅಕ್ಕನ ಮನೇಲಿ ಬಾಯಿ ಬಿಟ್ಟಿದೆ" ಎಂದರು. ಲಿಸಿಯಾತೆ ನನ್ನ ಕಡೆ ತಿರುಗಿದ. ನನಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ನಾನೇ ಗಟ್ಟಿಯಾಗಿ ಓದಿ, ಅನುವಾದಿಸಿ, ಒತ್ತಿದ್ದೆನಲ್ಲ. ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಕೈ ತೊಳೆದು, ಚಾಪೆಯನ್ನು ಸುರುಳಿ ಸುತ್ತಿ, ತಾನು ಹುಡುಗನಾಗಿದ್ದಾಗ ಮಲಗುತ್ತಿದ್ದ ಅಂಗಳದ ಗುಡಿಸಲಿಗೆ ನಡೆದ. ಇದು ಅಕ್ಕನ ಮನೆ, ಇನ್ನು ಈ ಸೂರಿನ ಕೆಳಗೆ ಇರಲು ತನಗೆ ಮುಖವಿಲ್ಲ ಎಂದ. ಮೂರು ತಿಂಗಳ ಮೇಲಾಯಿತು, ಅಲ್ಲೇ ಇದ್ದಾನೆ. ನಾನೂ ಅಲ್ಲಿಗೇ ಹೋಗಿದ್ದೇನೆ. ಅಲ್ಲಿನ ಹಲಗೆಮಂಚ ಒಬ್ಬ ತೆಳ್ಳಗಿನ ಹುಡುಗನಿಗೆಂದು ಮಾಡಿದ್ದು, ನಾವೀಗ ಎರಡೂವರೆ ಜನ.

ಹೌದು, ಫೆಬ್ರವರಿಯಲ್ಲಿ ನಮಗೆ ಮಗುವಾಗುತ್ತದೆ. ಮಗುವಿಗೆ ಹೆಸರಿಡುವ ಹಕ್ಕು ಅದರ ಸೋದರತ್ತೆಯದು. ನಾನೋ ನನ್ನ ತಾಯಿಯೋ ಇಟ್ಟುಬಿಡುವಂಥದ್ದಲ್ಲ. ಮೆಲೆನೈತೆಯವರು ಬರಬೇಕು, ಮಗುವನ್ನು ಎತ್ತಿಕೊಳ್ಳಬೇಕು, ಹೆಸರು ಹೇಳಬೇಕು. ಅವರು ಬರುವುದಿಲ್ಲ. ಡಿಸೆಂಬರಿನ ಟಿಕೆಟ್ಟನ್ನೂ ರದ್ದು ಮಾಡಿಸಿದ್ದಾರೆ. ಚಿತ್ರಗಳಿಗಿಂತ ಹೆಚ್ಚು ಅವರಿಗೆ ನೋವು ಕೊಟ್ಟಿರುವುದು ಬೇರೆಯದೇ. ತಮ್ಮನೇ ಅವುಗಳನ್ನು ಕಳಿಸಿದ ಎಂದು ಅವರು ನಂಬಿದ್ದಾರೆ. ಅತ್ತೆಯ ಹತ್ತಿರ ಒಂದೇ ಮಾತು ಹೇಳಿದರಂತೆ: "ಅವನ ಹೆಸರೇ ಬಂದಿತ್ತಮ್ಮ."

ಅವನ ಹೆಸರು ಬರೆದವಳು ನಾನು. ಹೃದಯಗಳನ್ನು ಇಟ್ಟವಳೂ ನಾನು. ಹಾಗಾದರೆ ನೀನೇ ಹೇಳಿಬಿಡಬಾರದೇ ಎನ್ನುತ್ತೀರಿ. ಹೇಳಿದೆ! ಲಿಸಿಯಾತೆಗೆ ಹೇಳಲು ಬಾಯಿಯಿಲ್ಲ. ಅಕ್ಕನ ಹತ್ತಿರ ಆ ಮಾತು ತೆಗೆಯುವುದೇ ಎರಡನೆಯ ಅಪರಾಧವಾಗುತ್ತದೆ. ಆದ್ದರಿಂದ ನಾನು ಕೈಬರಹದಲ್ಲಿ ಆರು ಪುಟ ಬರೆದೆ. ಖಾತೆ, ನಕಲು, ಏಳರ 'ಬಿ', ನನ್ನ ಹುಡುಗಾಟ, ಎಲ್ಲವನ್ನೂ. ಎರಡು ವಾರ ಕಾದೆವು. ಉತ್ತರ ಅತ್ತೆಗೆ ಫೋನಿನಲ್ಲಿ ಬಂತು.

"ಓದಿದ್ಲಂತೆ," ಎಂದರು ಅತ್ತೆ.

"ಏನಂದ್ರು? ಹೇಳಿ ಅತ್ತೆ, ಏನಂದ್ರು?"

"'ತಮ್ಮನಿಗೆ ಒಳ್ಳೆ ಹೆಂಡ್ತಿ ಸಿಕ್ಕಿದ್ದಾಳೆ. ಗಂಡನ ತಪ್ಪನ್ನ ತನ್ನ ತಲೆ ಮೇಲೆ ಹೊತ್ಕೊಂಡಿದ್ದಾಳೆ' ಅಂದ್ಲು."

"ಹೊತ್ಕೊಂಡಿದ್ದಲ್ಲ ಅತ್ತೆ, ನಂದೇ ಅದು!"

"ನನಗೆ ಗೊತ್ತು ಮಗಳೇ. ಆದ್ರೆ ಹೆಂಡ್ತಿ ಇನ್ನೇನು ಹೇಳ್ತಾಳೆ ಅಂತ ಅವಳು ಅಂದ್ಕೋತಾಳೆ. ಅವಳ ಜಾಗದಲ್ಲಿ ನಾನಿದ್ರೂ ಹಾಗೇ ಅಂದ್ಕೋತಿದ್ದೆ."

ಅಂದರೆ ನನ್ನ ನಿಜಕ್ಕೆ ಬೆಲೆಯಿಲ್ಲ, ಏಕೆಂದರೆ ನಾನು ಅವನನ್ನು ಪ್ರೀತಿಸುತ್ತೇನೆ. ಅತ್ತೆಯ ಮಾತಿಗೆ ಬೆಲೆಯಿಲ್ಲ, ಏಕೆಂದರೆ ಅವರು ಹೆತ್ತವರು. ಇನ್ನುಳಿದವರು ಲಿಸಿಯಾತೆಯನ್ನು ಪ್ರೀತಿಸದವರು, ಅವನ ಪರವಾಗಿ ಸುಳ್ಳು ಹೇಳಲು ಯಾವ ಕಾರಣವೂ ಇಲ್ಲದವರು, ಮುದ್ರೆ ಇರುವವರು. ಅಂದರೆ ನೀವು.

ಅದಕ್ಕೇ ಮತ್ತೆ ಕೌಂಟರಿಗೆ ಹೋದೆ. ದೂರಿನ ಫಾರಂ ತುಂಬಿ ಲಕೋಟೆಯಲ್ಲಿಟ್ಟುಕೊಂಡು ಹೋಗಿದ್ದೆ. ಪಸೆಪಾ ಅದನ್ನು ಕೈಯಲ್ಲೂ ಮುಟ್ಟದೆ, ಮೇಲೆ ತಿರುಗುವ ಫ್ಯಾನನ್ನು ನೋಡುತ್ತ ಮಾತಾಡಿದಳು.

"ದೂರಿನ ಜೊತೆ ಸಾಕ್ಷಿ ಲಗತ್ತಿಸಬೇಕು ಅತ್ತಿಗೆ. ಎರಡು ಪ್ರತಿ."

"ಯಾವ ಸಾಕ್ಷಿ?"

"ಯಾವುದರ ಬಗ್ಗೆ ದೂರೋ ಅದು."

"ಅದನ್ನ ಮುದ್ರಿಸಿ ತಂದು ಕೊಡ್ಲಾ? ನಿನ್ನ ಕೈಗೆ?"

"ಆ ಲಕೋಟೇಲಿ ಅದೇ ಇದ್ರೆ, ನಿಮ್ಮ ದಮ್ಮಯ್ಯ, ತೆರೀಬೇಡಿ. ಅವನು ನನಗೂ ಅಣ್ಣ. ತೆರೆದ್ರೆ ನಾಳೆಯಿಂದ ನಾನು ದೋಣಿಕಟ್ಟೆ ಕಡೆ ತಲೆ ಹಾಕೋ ಹಾಗಿಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ಅವಳೂ ಸುದ್ದಿ ಕೇಳಿದ್ದಳು. ಅವಳ ಮುಂದೆ ಇಟ್ಟ ಫಾರಂಗಳನ್ನು ಮಾಡಿದವರು ಯಾರು, ಮಾನ್ಯರೇ? ಮಾನ ಹೋಗಿದೆ ಎಂದು ದೂರು ಕೊಡಲು ಬಂದವಳು ಅದನ್ನೇ ಎರಡು ಪ್ರತಿ ತೆಗೆಸಿ, ಮೊದಲು ಗಂಡನ ತಂಗಿಗೆ ತೋರಿಸಿ, ಆಮೇಲೆ ನಿಮ್ಮ ಕಡತಕ್ಕೆ ಸೇರಿಸಬೇಕೇ? ನಾನು ಲಕೋಟೆಯನ್ನು ಮನೆಗೆ ತಂದು ಇಮೇಲ್ ಮಾಡಿದೆ. ನಿಮ್ಮಿಂದ ಬಂದ ಉತ್ತರ ಬಾಯಿಪಾಠವಾಗಿದೆ: 'ಬಳಕೆದಾರರು ತಮ್ಮ ಗೌಪ್ಯತೆಯ ಆಯ್ಕೆಗಳನ್ನು ಆಗಾಗ ಪರಿಶೀಲಿಸತಕ್ಕದ್ದು.' ಎಷ್ಟು ನಿಜವಾದ ಮಾತು. ಪರಿಶೀಲಿಸತಕ್ಕದ್ದಿತ್ತು. ಆ ಒಂದು "ಹೌದು" ಒತ್ತುವ ಮುನ್ನ ಇಂಗ್ಲಿಷ್ ಬಲ್ಲ ಈ ಮೂರ್ಖಳು ಒಂದು ನಿಮಿಷ ಯೋಚಿಸತಕ್ಕದ್ದಿತ್ತು. ನೆರೆಹೊರೆಯವರ ಮುಂದೆ ಮೆರೆಯುವ ಆತುರದಲ್ಲಿ ಯೋಚಿಸಲಿಲ್ಲ. ನನ್ನ ನಾಚಿಕೆಯ ಪಾಲನ್ನು ನಾನು ದಿನವೂ ಉಣ್ಣುತ್ತಿದ್ದೇನೆ. ನಿಮ್ಮ ಪಾಲನ್ನು ಮಾತ್ರ ನನ್ನ ಗಂಡನ ತಟ್ಟೆಗೆ ಬಡಿಸಬೇಡಿ ಎಂದು ಕೇಳುತ್ತಿದ್ದೇನೆ.

ಕಳೆದ ಗುರುವಾರ ಪ್ರಮಾಣಪತ್ರ ಬಂತು. ಫೋನು ಕದ್ದದ್ದಲ್ಲವೆಂದು ಸಾಬೀತಾಗಿದೆಯಂತೆ, ಅಭಿನಂದನೆಗಳಂತೆ. ಇನ್ನು ಹದಿನಾಲ್ಕು ದಿನದೊಳಗೆ, ಪಡೆದವರು ಸ್ವತಃ ತಮ್ಮ ಹೆಬ್ಬೆರಳೊತ್ತಿ ಕಳುಹಿಸಿದವರ ಖಾತೆಯನ್ನು ತೆಗೆಯಬೇಕು, ತಪ್ಪಿದರೆ ಫೋನು ನಿಷ್ಕ್ರಿಯವಾಗುತ್ತದೆ. ಜೂನಿನಲ್ಲಿ ತೆಗೆದರೆ ಕಳ್ಳರು, ಅಕ್ಟೋಬರಿನಲ್ಲಿ ತೆಗೆಯದಿದ್ದರೆ ಅಪರಾಧಿಗಳು. ಫೋನನ್ನು ಗುಡಿಸಲಿಗೆ ಒಯ್ದು ಲಿಸಿಯಾತೆಯ ಮುಂದೆ ಹಿಡಿದೆ. ಪರದೆಯ ಮೇಲೆ ಒಂದು ಪ್ರಶ್ನೆ ಮೂಡಿತು.

"ಏನು ಕೇಳ್ತಿದೆ ಅದು?" ಎಂದ.

ಈ ಸಲ ಗಟ್ಟಿಯಾಗಿ ಓದದೆ, ಮೆಲ್ಲನೆ ಅನುವಾದಿಸಿದೆ. "ಮೆಲೆನೈತೆಯನ್ನ ಈ ಫೋನಿನಿಂದ ತೆಗೆದುಹಾಕ್ಲಾ ಅಂತ."

ಅವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಒತ್ತಿದ್ರೆ ಅಕ್ಕನಿಗೆ ಗೊತ್ತಾಗುತ್ತಾ?"

"ಒಂದು ಸಂದೇಶ ಹೋಗುತ್ತೆ ಅನ್ಸುತ್ತೆ."

"ಯಾರ ಹೆಸರಲ್ಲಿ?"

ಪರದೆಯ ಮೇಲ್ತುದಿಯಲ್ಲಿದ್ದ ಅವನ ಹೆಸರನ್ನೂ ಎರಡು ಹೃದಯಗಳನ್ನೂ ಬೆರಳಿಟ್ಟು ತೋರಿಸಿದೆ.

"ನಾನು ಕಳಿಸದೇ ಇದ್ದದ್ದು ನನ್ನ ಹೆಸರಲ್ಲಿ ಒಂದು ಸಲ ಅವಳ ಮನೆಗೆ ಹೋಗಿದೆ, ಲೋಸಾ. ಈಗ, ತಮ್ಮ ನಿನ್ನನ್ನ ತೆಗೆದುಹಾಕಿದ ಅಂತ ಹೋಗ್ಲಾ? ನಾನೇ ಬೆರಳೊತ್ತಿ ಕಳಿಸ್ಲಾ?"

ಅವನು ದೋಣಿಗೆ ಹೋದ. ಫೋನು ಈಗ ಆರಿಸಿದ ಸ್ಥಿತಿಯಲ್ಲಿ ಬಿಸ್ಕತ್ತಿನ ಡಬ್ಬದಲ್ಲಿದೆ. ಹದಿನಾಲ್ಕರಲ್ಲಿ ಆರು ದಿನ ಕಳೆದಿವೆ.

ನನ್ನ ಬೇಡಿಕೆ ಇಷ್ಟು. ನಿಮ್ಮ ಕಚೇರಿಯ ಕಾಗದದಲ್ಲಿ, ನಿಮ್ಮ ಮುದ್ರೆಯೊಂದಿಗೆ, ನಮ್ಮ ಭಾಷೆಯಲ್ಲಿ, ಆಕ್ಲಂಡಿನ ಮೆಲೆನೈತೆಯವರಿಗೆ ಒಂದು ಪತ್ರ ಹೋಗಬೇಕು. ಅದರಲ್ಲಿ 'ಚಿತ್ರ' ಎಂಬ ಪದ ಬರಕೂಡದು, 'ವಿಷಾದಿಸುತ್ತೇವೆ' ಎಂಬುದೂ ಬೇಡ. ನಿಮಗೆ ಶ್ರಮವಾಗದಿರಲೆಂದು ವಾಕ್ಯವನ್ನು ನಾನೇ ಬರೆದುಕೊಡುತ್ತೇನೆ: 'ನಿಮ್ಮ ಖಾತೆಯನ್ನು ಫೋನಿನಲ್ಲಿ ಉಳಿಸಬೇಕೆಂದು ಆಜ್ಞೆ ಮಾಡಿದವರು ನಾವು, ನಿಮ್ಮ ತಮ್ಮ ನಿಮಗೆ ಏನನ್ನೂ ಕಳಿಸಿಲ್ಲ.' ಆ ಕಾಗದ ಅವರ ಕೈ ಸೇರುವವರೆಗೆ ಲಿಸಿಯಾತೆ ಬೆರಳೊತ್ತುವುದಿಲ್ಲ, ನಾನು ಒತ್ತಿಸುವುದೂ ಇಲ್ಲ. ಎಂಟು ದಿನವಾದ ಮೇಲೆ ಫೋನನ್ನು ನಿಲ್ಲಿಸುವುದಿದ್ದರೆ ನಿಲ್ಲಿಸಿ. ತನ್ನ ಅಕ್ಕನನ್ನು ತೆಗೆದುಹಾಕಿದವನು ಎಂದು ಅವನ ಹೆಸರು ಎಲ್ಲಿಯೂ ದಾಖಲಾಗುವುದು ನನಗೆ ಬೇಡ, ನಿಮ್ಮ ಕಡತದಲ್ಲೂ ಬೇಡ.

ಇಂತಿ,
ಗಂಡನಿಗಾಗಿ ಸುಳ್ಳು ಹೇಳುವ ಒಳ್ಳೆಯ ಹೆಂಡತಿ ಎಂದು ಹೊಗಳಿಸಿಕೊಂಡು, ನಿಜ ಹೇಳಿ ಹೇಳಿ ಸೋತಿರುವ
ಲೋಸಾಲಿನೆ
ನೇಯಾಫು, ವಾವಾಊ